ನಿಂಬೆ, ಕಿತ್ತಳೆ, ಮೂಸಂಬಿ, ಚಕ್ಕೋತ: ಯಾವಾಗ, ಎಷ್ಟು, ಹೇಗೆ ತಿಂದರೆ ಮೈಗೆ ಹತ್ತುತ್ತದೆ?

ತಳ್ಳುಗಾಡಿಗಳ ಮೇಲೆ ಕಿತ್ತಳೆ ಗುಡ್ಡೆ ಬೀಳುವ ಕಾಲ ಬಂತೆಂದರೆ ಓದುಗರಿಂದ ಅವೇ ಪ್ರಶ್ನೆಗಳು ಬರತೊಡಗುತ್ತವೆ. ಬೆಳಗ್ಗೆ ಖಾಲಿ ಹೊಟ್ಟೆಗೆ ನಿಂಬೆರಸ ಕುಡಿಯಬಹುದೇ? ನೆಗಡಿಯಾದ ಮಗುವಿಗೆ ಕಿತ್ತಳೆ ಕೊಟ್ಟರೆ ಕಫ ಕಟ್ಟುವುದಿಲ್ಲವೇ? ಸಕ್ಕರೆ ಕಾಯಿಲೆಯವರು ಮೂಸಂಬಿ ಮುಟ್ಟಬಾರದೇ? ಬಿಪಿ ಮಾತ್ರೆ ನುಂಗುವವರಿಗೆ ಚಕ್ಕೋತ ಆಗುವುದಿಲ್ಲವಂತೆ, ನಿಜವೇ? ಒಂದೊಂದಕ್ಕೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಹಣ್ಣನ್ನು ಕೊಳ್ಳುವಲ್ಲಿಂದ ಹಿಡಿದು ತಿಂದು ಬಾಯಿ ಮುಕ್ಕಳಿಸುವವರೆಗೆ ಎಲ್ಲವನ್ನೂ ಹಂತ ಹಂತವಾಗಿ ಇಲ್ಲಿ ಕೊಡುತ್ತಿದ್ದೇವೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ಹಣ್ಣುಗಳ ಪೂರ್ತಿ ಪ್ರಯೋಜನ ಬೇಕೆಂದರೆ ಅವನ್ನು ರಸ ಮಾಡದೆ ಇಡಿಯಾಗಿ ತಿನ್ನಿ, ಊಟದ ಜೊತೆಗೆ ತಿನ್ನಿ, ದಿನವೂ ತಿನ್ನಿ. ವಾರಕ್ಕೊಮ್ಮೆ ಒಂದು ಕೆಜಿ ತಿಂದು ಆರು ದಿನ ಸುಮ್ಮನಿದ್ದರೆ ಅಷ್ಟು ಉಪಯೋಗವಿಲ್ಲ.

ಒಳಗೇನಿದೆ?

ಈ ಗುಂಪಿನ ಹಣ್ಣುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಸಿ ಜೀವಸತ್ವ, ಅಂದರೆ ವಿಟಮಿನ್ ಸಿ. ಹಸು, ಆಡು, ನಾಯಿಗಳು ಇದನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ, ಊಟದಿಂದಲೇ ಬರಬೇಕು. ಚರ್ಮ, ಒಸಡು, ಮೂಳೆ, ರಕ್ತನಾಳಗಳನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಸರಿಯಾಗಿ ತಯಾರಾಗಲು ಇದು ಬೇಕೇ ಬೇಕು. ತಿಂಗಳುಗಟ್ಟಲೆ ಇದು ಸಿಗದಿದ್ದರೆ ಒಸಡು ಊದಿ ರಕ್ತ ಒಸರುತ್ತದೆ, ಗಾಯ ಮಾಯುವುದಿಲ್ಲ, ಹಲ್ಲು ಸಡಿಲವಾಗುತ್ತದೆ. ಈ ರೋಗಕ್ಕೆ ಸ್ಕರ್ವಿ ಎಂದು ಹೆಸರು. ಹಿಂದೆ ದೂರದ ಸಮುದ್ರಯಾನ ಹೊರಟ ನಾವಿಕರು ಇದರಿಂದ ಗುಂಪು ಗುಂಪಾಗಿ ಸಾಯುತ್ತಿದ್ದರು. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಬೇರೆ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದ. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು.

ಸಿ ಜೀವಸತ್ವ ನೀರಿನಲ್ಲಿ ಕರಗುವಂಥದ್ದು. ಹೆಚ್ಚಾದದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ, ದೇಹ ಅದನ್ನು ಬಹಳ ಕಾಲ ಕೂಡಿಡುವುದಿಲ್ಲ. ದಿನವೂ ತಿನ್ನಿ ಎಂದದ್ದು ಇದಕ್ಕೇ.

ಉಳಿದವುಗಳ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ತೊಳೆಯ ಸುತ್ತಲಿನ ಪೊರೆಯಲ್ಲೂ ಸಿಪ್ಪೆಯೊಳಗಿನ ಬಿಳಿ ಭಾಗದಲ್ಲೂ ಪೆಕ್ಟಿನ್ ಎಂಬ ಕರಗುವ ನಾರು ಇದೆ. ಅದು ಮಲಬದ್ಧತೆಗೆ ಒಳ್ಳೆಯದು, ಸಕ್ಕರೆ ರಕ್ತಕ್ಕೆ ಏರುವ ವೇಗವನ್ನು ತಗ್ಗಿಸುತ್ತದೆ, ಕೊಲೆಸ್ಟ್ರಾಲನ್ನೂ ಸ್ವಲ್ಪ ಇಳಿಸುತ್ತದೆ. ರಕ್ತದೊತ್ತಡ ಹತೋಟಿಯಲ್ಲಿರಲು ಬೇಕಾದ ಪೊಟ್ಯಾಸಿಯಂ, ಗರ್ಭಿಣಿಯರಿಗೆ ಅಗತ್ಯವಾದ ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ, ಕಿಡ್ನಿ ಕಲ್ಲನ್ನು ತಡೆಯುವ ಸಿಟ್ರೇಟ್ ಇವೆಲ್ಲ ಒಂದೇ ಹಣ್ಣಿನಲ್ಲಿ ಸಿಗುತ್ತವೆ.

ಹಂತ 1: ಹಣ್ಣು ಆರಿಸುವುದು

ಕೈಯಲ್ಲಿ ಹಿಡಿದು ತೂಗಿ ನೋಡಿ. ಒಂದೇ ಗಾತ್ರದ ಎರಡು ಹಣ್ಣುಗಳಲ್ಲಿ ಭಾರವಾದದ್ದರಲ್ಲಿ ರಸ ಹೆಚ್ಚು. ಹಗುರವಾಗಿದ್ದು ಸಿಪ್ಪೆ ಉಬ್ಬಿಕೊಂಡಿದ್ದರೆ ಒಳಗೆ ಒಣಗಿರುತ್ತದೆ. ನಿಂಬೆಯ ಸಿಪ್ಪೆ ತೆಳುವಾಗಿ, ನುಣುಪಾಗಿ, ಹೊಳೆಯುತ್ತಿರಬೇಕು. ದೊರಗು ಸಿಪ್ಪೆಯ ದಪ್ಪ ನಿಂಬೆಯಲ್ಲಿ ಬಿಳಿ ಭಾಗವೇ ಜಾಸ್ತಿ.

ಬಣ್ಣ ನೋಡಿ ಮೋಸ ಹೋಗಬೇಡಿ. ಕಿತ್ತಳೆಯ ಸಿಪ್ಪೆ ಪೂರ್ತಿ ಕೇಸರಿಯಾಗಲು ರಾತ್ರಿಯ ಚಳಿ ಬೇಕು. ಬೆಚ್ಚಗಿನ ಪ್ರದೇಶದಲ್ಲಿ ಬೆಳೆದ ಹಣ್ಣು ಒಳಗೆ ಚೆನ್ನಾಗಿ ಹಣ್ಣಾಗಿದ್ದರೂ ಹೊರಗೆ ಹಸಿರಾಗಿಯೇ ಇರಬಹುದು. ಭೌಗೋಳಿಕ ಗುರುತು, ಅಂದರೆ ಒಂದು ಊರಿನ ವಿಶಿಷ್ಟ ಬೆಳೆಗೆ ಕೊಡುವ ಜಿಐ ಮಾನ್ಯತೆ, ಪಡೆದ ಕೊಡಗಿನ ಕಿತ್ತಳೆಯಲ್ಲಿ ಹಸಿರು ಹಳದಿ ಬೆರೆತ ಸಿಪ್ಪೆ ಸಾಮಾನ್ಯ. ಅದು ಸಡಿಲವಾಗಿ ಸುಲಭವಾಗಿ ಸುಲಿದು ಬರುತ್ತದೆ, ರುಚಿ ಸಿಹಿಹುಳಿ. ಬಣ್ಣ ಸಾಲದೆಂದು ಅದನ್ನು ಬಿಟ್ಟು, ದೂರದ ದೇಶದಿಂದ ಬಂದು ಮೇಣ ಸವರಿಸಿಕೊಂಡ ಹಣ್ಣಿಗೆ ದುಪ್ಪಟ್ಟು ದುಡ್ಡು ಕೊಡುವ ಅಗತ್ಯವಿಲ್ಲ. ಪೌಷ್ಟಿಕತೆಯಲ್ಲಿ ಅದು ನಮ್ಮ ಹಣ್ಣಿಗಿಂತ ಮೇಲೇನಲ್ಲ.

ತೊಟ್ಟಿನ ಜಾಗವನ್ನು ಬೆರಳಿನಿಂದ ಮೆತ್ತಗೆ ಒತ್ತಿ ನೋಡಿ. ಕೊಳೆಯುವುದು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ. ಅಲ್ಲಿ ಮೆತ್ತಗಾಗಿದ್ದರೆ ಬಿಟ್ಟುಬಿಡಿ.

ನಿಂಬೆ ಬೇಸಿಗೆಯಲ್ಲಿ ದುಬಾರಿ, ಮಳೆಗಾಲದಲ್ಲಿ ಅಗ್ಗ. ವಿಜಯಪುರ ಜಿಲ್ಲೆಯ ಇಂಡಿ ಭಾಗದ ನಿಂಬೆ ಮಾರುಕಟ್ಟೆಗೆ ತುಂಬಿ ಬರುವ ದಿನಗಳಲ್ಲಿ ಕೊಂಡು ರಸ ತೆಗೆದಿಟ್ಟುಕೊಳ್ಳುವುದು ಜಾಣತನ. ವಿಧಾನ ಮುಂದಿನ ಹಂತದಲ್ಲಿದೆ.

ಹಂತ 2: ತೊಳೆದು ಜೋಪಾನ ಮಾಡುವುದು

ಸಿಪ್ಪೆ ಸುಲಿದು ತಿನ್ನುವ ಹಣ್ಣಾದರೂ ತೊಳೆಯಲೇಬೇಕು. ಚಾಕು ಸಿಪ್ಪೆಯ ಮೇಲಿನ ಕೊಳೆಯನ್ನೂ ಔಷಧಿಯನ್ನೂ ಒಳಕ್ಕೆ ತಳ್ಳುತ್ತದೆ. ಹರಿಯುವ ನಲ್ಲಿ ನೀರಿನಡಿ ಹಿಡಿದು ಅರ್ಧ ನಿಮಿಷ ಕೈಯಿಂದ ಚೆನ್ನಾಗಿ ಉಜ್ಜಿದರೆ ಸಾಕು. ಸೋಪು ಹಾಕಬೇಡಿ.

ಇಲ್ಲಿ ಆಗುವ ತಪ್ಪೆಂದರೆ ತಂದ ಕೂಡಲೇ ಎಲ್ಲವನ್ನೂ ತೊಳೆದು ಒದ್ದೆಯಾಗಿಯೇ ಕವರಿನಲ್ಲಿ ಕಟ್ಟಿಡುವುದು. ಎರಡು ಮೂರು ದಿನಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ, ಒಂದಕ್ಕೆ ಹಿಡಿದದ್ದು ಪಕ್ಕದ್ದಕ್ಕೂ ಹರಡುತ್ತದೆ. ತೊಳೆದರೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಇಡಿ. ಕಿತ್ತಳೆ, ಮೂಸಂಬಿ ಹೊರಗೆ ಒಂದು ವಾರ ಇರುತ್ತವೆ, ಫ್ರಿಜ್ಜಿನಲ್ಲಿ ಎರಡು ಮೂರು ವಾರ. ನಿಂಬೆಯನ್ನು ಹೊರಗಿಟ್ಟರೆ ನಾಲ್ಕೈದು ದಿನಕ್ಕೆ ಸಿಪ್ಪೆ ಒಣಗಿ ಗಟ್ಟಿಯಾಗುತ್ತದೆ. ಒರೆಸಿ ನೀರಾರಿಸಿದ ತಾಜಾ ನಿಂಬೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ವಾರ ಹಾಗೇ ಇರುತ್ತವೆ. ಹೆಚ್ಚಿದ ಹೋಳನ್ನು ಮುಚ್ಚಿಟ್ಟು ಎರಡು ದಿನದೊಳಗೆ ಮುಗಿಸಿ.

ರಸ ಕೂಡಿಡಲು: ಹಿಂಡಿ, ಬೀಜ ಸೋಸಿ, ಐಸ್ ಟ್ರೇಯ ಒಂದೊಂದು ಗುಳಿಗೆ ಒಂದು ದೊಡ್ಡ ಚಮಚದಷ್ಟು, ಅಂದರೆ 15 ಮಿ.ಲೀ. ಹಾಕಿ ಗಟ್ಟಿಯಾಗಿಸಿ. ಆಮೇಲೆ ತುಂಡುಗಳನ್ನು ತೆಗೆದು ಬಿಗಿ ಕವರಿನಲ್ಲಿ ಹಾಕಿ ಫ್ರೀಜರಿನಲ್ಲೇ ಇಡಿ. ಒಂದು ತುಂಡು ಒಂದು ಮಧ್ಯಮ ಗಾತ್ರದ ನಿಂಬೆಗೆ ಸಮ. ಮೂರು ತಿಂಗಳು ಧಾರಾಳವಾಗಿ ಬಳಸಬಹುದು.

ಹಿಂಡುವುದಕ್ಕೂ ಒಂದು ಕ್ರಮವಿದೆ. ಫ್ರಿಜ್ಜಿನಿಂದ ತೆಗೆದ ತಕ್ಷಣ ಹೆಚ್ಚಬೇಡಿ, ತಣ್ಣಗಿದ್ದಾಗ ರಸ ಸರಿಯಾಗಿ ಬಿಡುವುದಿಲ್ಲ. ಹತ್ತು ನಿಮಿಷ ಹೊರಗಿಟ್ಟು, ಕಟ್ಟೆಯ ಮೇಲೆ ಅಂಗೈ ಒತ್ತಿ ನಾಲ್ಕಾರು ಸಲ ಉರುಳಿಸಿ, ಒಳಗಿನ ರಸದ ಎಳೆಗಳು ಸಡಿಲವಾಗಲಿ. ತೊಟ್ಟಿನಿಂದ ತುದಿಗೆ ಉದ್ದುದ್ದ ಹೆಚ್ಚದೆ ನಡುವೆ ಅಡ್ಡಡ್ಡ ಹೆಚ್ಚಿದರೆ ಎಲ್ಲ ತೊಳೆಗಳೂ ತೆರೆದುಕೊಳ್ಳುತ್ತವೆ. ರಸ ಬಂದಷ್ಟು ಬರಲಿ, ಸಿಪ್ಪೆ ಮಡಿಚಿ ಹಿಸುಕುವವರೆಗೆ ಹೋಗಬೇಡಿ. ಸಿಪ್ಪೆಯ ಎಣ್ಣೆ, ಜಜ್ಜಿದ ಬೀಜ ಎರಡೂ ರಸವನ್ನು ಕಹಿ ಮಾಡುತ್ತವೆ.

ಹಂತ 3: ದಿನದ ಲೆಕ್ಕ ಹಾಕುವುದು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ದಿನಕ್ಕೆ ಬೇಕಾದ ಸಿ ಜೀವಸತ್ವ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇನ್ನಷ್ಟು ಬೇಕು. ಬೀಡಿ, ಸಿಗರೇಟು ಸೇದುವವರ ಮೈಯಲ್ಲಿ ಇದು ಬೇಗ ಖರ್ಚಾಗಿಹೋಗುತ್ತದೆ.

ಹಣ್ಣುಗಳಿಂದ ಸಿಗುವುದು, ತಳಿ ಮತ್ತು ತಾಜಾತನ ನೋಡಿ ಹೆಚ್ಚುಕಡಿಮೆ, ಹೀಗೆ:

ಸಿಪ್ಪೆ ಸುಲಿದ ಒಂದು ಕಿತ್ತಳೆ, ಸುಮಾರು 100 ಗ್ರಾಂ: 30ರಿಂದ 45 ಮಿಲಿಗ್ರಾಂ.
ಸುಲಿದ ಒಂದು ಮೂಸಂಬಿ, ಸುಮಾರು 150 ಗ್ರಾಂ: 60ರಿಂದ 70 ಮಿಲಿಗ್ರಾಂ.
ಪೊರೆ ಬಿಡಿಸಿದ ಚಕ್ಕೋತ 150 ಗ್ರಾಂ, ಒಂದು ಬಟ್ಟಲು: 75ರಿಂದ 90 ಮಿಲಿಗ್ರಾಂ.
ಒಂದು ನಿಂಬೆಯ ರಸ, 15 ಮಿ.ಲೀ.: 5ರಿಂದ 7 ಮಿಲಿಗ್ರಾಂ.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಒಂದು ಲೋಟ ನೀರಿಗೆ ಅರ್ಧ ಹೋಳು ನಿಂಬೆ ಹಿಂಡಿ ಕುಡಿದರೆ ಮೂರು ಮಿಲಿಗ್ರಾಮಿನಷ್ಟು ಸಿಗುತ್ತದೆ, ದಿನದ ಅಗತ್ಯದ ಇಪ್ಪತ್ತರಲ್ಲಿ ಒಂದು ಭಾಗ. ನಿಂಬೆ ಒಳ್ಳೆಯದೇ, ಆದರೆ ಸಿ ಜೀವಸತ್ವಕ್ಕಾಗಿ ಅದೊಂದನ್ನೇ ನಂಬಿ ಕೂರಬೇಡಿ. ಒಂದು ಮೂಸಂಬಿ, ಇಲ್ಲವೇ ಎರಡು ಕಿತ್ತಳೆ ತಿಂದರೆ ಆ ದಿನದ ಲೆಕ್ಕ ಬಹುಪಾಲು ಮುಗಿಯಿತು. ಈ ಹಣ್ಣುಗಳು ದುಬಾರಿಯಾದ ದಿನಗಳಲ್ಲಿ ಸೀಬೆಹಣ್ಣು, ಬೆಟ್ಟದ ನೆಲ್ಲಿಕಾಯಿ ತಿನ್ನಿ. ಅವು ಬೇರೆ ಜಾತಿಯವಾದರೂ ಸಿ ಜೀವಸತ್ವದಲ್ಲಿ ಕಿತ್ತಳೆಗಿಂತ ಎಷ್ಟೋ ಮೇಲು.

ಹಂತ 4: ಊಟದ ಜೊತೆಗೆ ಕೂಡಿಸುವುದು

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಹಂತವನ್ನು ಇಟ್ಟುಕೊಳ್ಳಿ, ಅದರಲ್ಲೂ ಮನೆಯಲ್ಲಿ ರಕ್ತಹೀನತೆ ಇರುವ ಹೆಣ್ಣುಮಕ್ಕಳಿದ್ದರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅರ್ಧಕ್ಕಿಂತ ಹೆಚ್ಚು ಜನ ಸುಸ್ತು, ತಲೆಸುತ್ತು, ಏದುಸಿರನ್ನು ಮಾಮೂಲೆಂದುಕೊಂಡು ಕೆಲಸ ಮಾಡುತ್ತಿದ್ದಾರೆ.

ರಾಗಿ, ಸೊಪ್ಪು, ಹುರುಳಿ, ಹೆಸರುಕಾಳು, ಅವಲಕ್ಕಿ ಇವುಗಳಲ್ಲಿ ಕಬ್ಬಿಣವಿದೆ. ಆದರೆ ಸಸ್ಯಾಹಾರದ ಕಬ್ಬಿಣ ಕರುಳಿನಲ್ಲಿ ಸುಲಭವಾಗಿ ಹೀರಿಕೆಯಾಗುವುದಿಲ್ಲ. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಮತ್ತು ಕಾಫಿ, ಚಹಾ, ರಾಗಿಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಕಟ್ಟಿಹಾಕಿಬಿಡುತ್ತವೆ. ತಿಂದದ್ದರಲ್ಲಿ ಬಹುಪಾಲು ಹಾಗೇ ಹೊರಟುಹೋಗುತ್ತದೆ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಅದು ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತಿರುಗಿಸುತ್ತದೆ, ಕರಗಿದ ಸ್ಥಿತಿಯಲ್ಲೇ ಇರಿಸುತ್ತದೆ. ಒಂದೂಟಕ್ಕೆ 50 ಮಿಲಿಗ್ರಾಂನಷ್ಟು ಸಿಕ್ಕರೆ ಹೀರಿಕೆ ಎರಡು ಮೂರು ಪಟ್ಟಿಗೆ ಏರಬಲ್ಲದು.

"ಅದೇ ಊಟದಲ್ಲಿ" ಎಂಬುದನ್ನು ಗಮನಿಸಿ. ಬೆಳಗ್ಗೆ ಏಳಕ್ಕೆ ತಿಂದ ಕಿತ್ತಳೆ ಮಧ್ಯಾಹ್ನದ ಬಸ್ಸಾರಿನ ಕಬ್ಬಿಣಕ್ಕೆ ನೆರವಾಗುವುದಿಲ್ಲ. ಹಾಗಾಗಿ ಹೀಗೆ ಮಾಡಿ:

ದಿನದಲ್ಲಿ ಸೊಪ್ಪು, ಕಾಳು ಹೆಚ್ಚಿರುವ ಊಟ ಯಾವುದೆಂದು ನೋಡಿಕೊಳ್ಳಿ. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಹುರುಳಿಕಾಳಿನ ಸಾರು ಇರುವ ಹೊತ್ತು ಅದು. ಹಣ್ಣನ್ನು ಆ ಊಟದ ನಡುವೆ ಅಥವಾ ಊಟ ಮುಗಿದ ಕೂಡಲೇ ತಿನ್ನಿ. ಒಂದು ಪೂರ್ತಿ ಕಿತ್ತಳೆ, ಇಲ್ಲವೇ ಮುಕ್ಕಾಲು ಮೂಸಂಬಿ. ಊಟದ ಜೊತೆ ಹಣ್ಣು ತಿಂದರೆ ಹೊಟ್ಟೆಯಲ್ಲಿ ಕೊಳೆಯುತ್ತದೆ ಎಂದು ಹೇಳುವವರಿದ್ದಾರೆ, ಅದಕ್ಕೆ ಆಧಾರವಿಲ್ಲ. ಹಣ್ಣು ಸಾಧ್ಯವಾಗದ ದಿನ ಕೋಸಂಬರಿ, ಪಲ್ಯ, ಅವಲಕ್ಕಿಗೆ ನಿಂಬೆ ಹಿಂಡಿ. ಅದರಲ್ಲಿ ಸಿ ಜೀವಸತ್ವ ಕಡಿಮೆಯಿದ್ದರೂ ಹುಳಿ ಕೊಡುವ ಸಿಟ್ರಿಕ್ ಆಮ್ಲವೂ ಕಬ್ಬಿಣದ ಹೀರಿಕೆಗೆ ಸ್ವಲ್ಪ ನೆರವಾಗುತ್ತದೆ.

ಇಷ್ಟೆಲ್ಲ ಮಾಡಿ ಊಟವಾದ ಕೂಡಲೇ ಕಾಫಿ ಕುಡಿದರೆ ಗಳಿಸಿದ್ದರಲ್ಲಿ ಒಂದಷ್ಟು ಅಲ್ಲೇ ಹೋಯಿತು. ಊಟಕ್ಕೂ ಕಾಫಿ, ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹಾಲು, ಕಾಫಿಯ ಜೊತೆ ನುಂಗದೆ ನಿಂಬೆ ಹಿಂಡಿದ ನೀರಿನ ಜೊತೆ ನುಂಗಿ. ಸುಣ್ಣದ ಅಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯೂ ಇದ್ದರೆ ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಹಣ್ಣು ತಿನ್ನುತ್ತಿದ್ದೇನೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಬೇಡಿ. ರಕ್ತ ತೀರಾ ಕಡಿಮೆಯಾಗಿದ್ದರೆ ಬರೀ ಊಟದಿಂದ ಅದು ಸರಿಹೋಗುವುದಿಲ್ಲ.

ಹಂತ 5: ರಸ ಬಿಟ್ಟು ಹಣ್ಣು ಹಿಡಿಯುವುದು

ಜ್ಯೂಸ್ ಅಂಗಡಿಯಲ್ಲಿ ಒಂದು ಲೋಟ ಮೂಸಂಬಿ ರಸಕ್ಕೆ ಮೂರು ಹಣ್ಣು ಬೇಕು. ಸಿಪ್ಪೆ ಸುಲಿದು ಮೂರು ಮೂಸಂಬಿಯನ್ನು ಒಮ್ಮೆಗೇ ತಿನ್ನುವವರು ಅಪರೂಪ, ಆದರೆ ಎರಡು ನಿಮಿಷದಲ್ಲಿ ಕುಡಿದುಬಿಡುತ್ತೇವೆ. 200 ಮಿ.ಲೀ. ರಸದಲ್ಲಿ ಹಣ್ಣಿನದೇ 15 ಗ್ರಾಮಿಗೂ ಹೆಚ್ಚು ಸಕ್ಕರೆ ಇರುತ್ತದೆ. ಅಂಗಡಿಯವರು ಎರಡು ಚಮಚ ಹಾಕಿದರೆ ಇನ್ನೂ 10 ಗ್ರಾಂ ಸೇರಿತು. ನಾರು ಸೋಸಣಿಗೆಯಲ್ಲೇ ಉಳಿಯಿತು. ಹೀಗಾಗಿ ಸಕ್ಕರೆ ಸರ್ರನೆ ರಕ್ತಕ್ಕೆ ಏರುತ್ತದೆ, ಹೊಟ್ಟೆಯೂ ತುಂಬುವುದಿಲ್ಲ.

ಸಕ್ಕರೆ ಕಾಯಿಲೆಯವರು ಮೂಸಂಬಿ, ಕಿತ್ತಳೆ ಎರಡನ್ನೂ ತಿನ್ನಬಹುದು. ಒಂದು ಸಲಕ್ಕೆ ಒಂದು ಹಣ್ಣು, ತೊಳೆಯ ಪೊರೆ ಸಮೇತ, ರಸ ಬೇಡ. ಊಟದ ಜೊತೆ ತಿನ್ನುವುದಾದರೆ ಅನ್ನ ಅಥವಾ ಮುದ್ದೆಯನ್ನು ಒಂದಿಷ್ಟು ಕಡಿಮೆ ಮಾಡಿ. ನಿಮ್ಮ ಮೈ ಹೇಗೆ ಸ್ಪಂದಿಸುತ್ತದೆಂದು ತಿಳಿಯಲು ಗ್ಲುಕೋಮೀಟರಿನಲ್ಲಿ ತಿನ್ನುವ ಮೊದಲು ಮತ್ತು ತಿಂದು ಎರಡು ಗಂಟೆಯ ನಂತರ ನೋಡಿ. ಎಲ್ಲರ ಮೈಯೂ ಒಂದೇ ಬಗೆಯಲ್ಲ. ತದ್ವಿರುದ್ಧವಾಗಿ, ಸಕ್ಕರೆ ಥಟ್ಟನೆ ಕುಸಿದು ಬೆವರಿ ನಡುಗುವಾಗ ಬೇಕಾದದ್ದು ರಸವೇ, ಹಣ್ಣಲ್ಲ.

ತೊಳೆಗೆ ಅಂಟಿದ ಬಿಳಿ ನಾರನ್ನು ಒಂದೊಂದಾಗಿ ಬಿಡಿಸಿ ಎಸೆಯುವ ಅಭ್ಯಾಸ ಹಲವರಿಗಿದೆ. ಅದನ್ನು ಹಾಗೇ ತಿನ್ನಿ. ಪೆಕ್ಟಿನ್ ಮತ್ತು ಹೆಸ್ಪೆರಿಡಿನ್ ಎಂಬ ಉಪಯುಕ್ತ ಅಂಶ ಇರುವುದು ಅಲ್ಲೇ. ಚಕ್ಕೋತಕ್ಕೆ ಮಾತ್ರ ಈ ಮಾತು ಬೇಡ, ಅದರ ಪೊರೆ ದಪ್ಪ, ವಿಪರೀತ ಕಹಿ. ಚಕ್ಕೋತದ ತುದಿ ಕತ್ತರಿಸಿ, ಮೇಲಿನಿಂದ ಕೆಳಕ್ಕೆ ಬರೀ ಸಿಪ್ಪೆಯಷ್ಟು ಆಳಕ್ಕೆ ಆರು ಗೀರು ಹಾಕಿ, ಹತ್ತಿಯಂಥ ಬಿಳಿ ಭಾಗದ ಸಮೇತ ಸಿಪ್ಪೆಯನ್ನು ಕಿತ್ತುಹಾಕಿ. ಹೋಳು ಮಾಡಿ, ಒಂದೊಂದು ತೊಳೆಯ ಬೆನ್ನನ್ನು ಸೀಳಿ ಪೊರೆಯನ್ನು ಹಿಂದಕ್ಕೆ ಮಡಿಚಿದರೆ ಒಳಗಿನ ರಸದ ಎಳೆಗಳು ಇಡಿಯಾಗಿ ಬರುತ್ತವೆ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತ ಸಿಕ್ಕರೆ ಬಿಡಬೇಡಿ. ಬೆಂಗಳೂರು ಬೆಳೆದಂತೆಲ್ಲ ಅದರ ಮರಗಳು ಕಡಿಮೆಯಾಗಿವೆ, ಕೊಳ್ಳುವವರಿದ್ದರೆ ಮಾತ್ರ ಉಳಿದವು ಉಳಿದಾವು.

ಮನೆಯಲ್ಲಿ ಮೂಸಂಬಿ ರಸ ತೆಗೆದರೆ ತಕ್ಷಣ ಕುಡಿಯಿರಿ. ಇಟ್ಟರೆ ಕಹಿಯಾಗುವುದೇಕೆ ಎಂದು ಬಹಳ ಮಂದಿ ಕೇಳುತ್ತಾರೆ. ಹಣ್ಣಿನಲ್ಲಿ ಕಹಿಯಿಲ್ಲದೆ ಇರುವ ಒಂದು ಅಂಶ, ಹಿಂಡಿದಾಗ ರಸದ ಹುಳಿಯೊಂದಿಗೆ ಬೆರೆತು ನಿಧಾನವಾಗಿ ಲಿಮೋನಿನ್ ಎಂಬ ಕಹಿ ಪದಾರ್ಥವಾಗುತ್ತದೆ. ಕೆಟ್ಟುಹೋಗಿದೆ ಎಂದಲ್ಲ, ಕುಡಿಯಲು ಚೆನ್ನಾಗಿರುವುದಿಲ್ಲ ಅಷ್ಟೇ.

ಹಂತ 6: ಒಲೆ ಆರಿಸಿದ ಮೇಲೆ ಹಿಂಡುವುದು

ಸಿ ಜೀವಸತ್ವ ಬಿಸಿಗೆ, ಗಾಳಿಗೆ, ಕೆಲವು ಲೋಹಗಳಿಗೆ ಬೇಗ ಹಾಳಾಗುತ್ತದೆ. ಚಿತ್ರಾನ್ನದ ಒಗ್ಗರಣೆ ಉರಿಯ ಮೇಲಿರುವಾಗಲೇ ನಿಂಬೆ ಹಿಂಡಿದರೆ ಸತ್ವವೂ ಹೋಗುತ್ತದೆ, ರಸ ಕಹಿಗೂ ತಿರುಗುತ್ತದೆ. ಒಗ್ಗರಣೆ ಇಳಿಸಿ, ಅನ್ನ ಕಲಸಿ, ಉಗುರುಬೆಚ್ಚಗಾದ ಮೇಲೆ ಹಿಂಡಿ. ಸಾರು, ಉಪ್ಪಿಟ್ಟು, ಪಲ್ಯಕ್ಕೂ ಇದೇ ಕ್ರಮ. ಹೇರಳೆಕಾಯಿ ಚಿತ್ರಾನ್ನದಲ್ಲೂ ರಸ ಕೊನೆಗೇ.

ತಾಮ್ರ, ಕಲಾಯಿ ಇಲ್ಲದ ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಹುಳಿರಸ ಇಡಬಾರದು. ಹುಳಿ ಲೋಹವನ್ನು ಕರಗಿಸಿ ರಸಕ್ಕೆ ಸೇರಿಸುತ್ತದೆ. ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟ ನೀರು ಕುಡಿಯುವವರು ಅದಕ್ಕೇ ನಿಂಬೆ ಹಿಂಡುವುದನ್ನು ಕಂಡಿದ್ದೇವೆ. ದಯವಿಟ್ಟು ಮಾಡಬೇಡಿ, ಹೊಟ್ಟೆ ತೊಳಸುವುದು, ವಾಂತಿ ಬರುವುದು ಖಂಡಿತ ಸಾಧ್ಯ. ಸ್ಟೀಲ್, ಗಾಜು, ಪಿಂಗಾಣಿ ಬಳಸಿ.

ಹಂತ 7: ಹಲ್ಲು, ಹೊಟ್ಟೆ ಕಾಪಾಡಿಕೊಳ್ಳುವುದು

ಹಲ್ಲಿನ ಹೊರಪದರ ಎನಾಮೆಲ್. ಹುಳಿಯ ತೀವ್ರತೆ ಅಳೆಯುವ ಪಿಎಚ್ ಮಾನದಲ್ಲಿ 5.5ಕ್ಕಿಂತ ಕೆಳಗಿನ ಯಾವ ದ್ರವವೂ ಅದನ್ನು ಕರಗಿಸತೊಡಗುತ್ತದೆ. ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ನಿಂಬೆರಸದ ಪಿಎಚ್ 2ರಿಂದ 2.5. ಒಮ್ಮೆ ಕುಡಿದರೆ ಜೊಲ್ಲು ಸರಿಮಾಡಿಕೊಳ್ಳುತ್ತದೆ. ಇಡೀ ದಿನ ಬಾಟಲಿಯಲ್ಲಿ ನಿಂಬೆ ನೀರು ತುಂಬಿಕೊಂಡು ಗುಟುಕು ಗುಟುಕಾಗಿ ಹೀರುತ್ತಿದ್ದರೆ ಹಲ್ಲಿಗೆ ಬಿಡುವೇ ಇರುವುದಿಲ್ಲ. ಕೆಲವು ವರ್ಷಗಳಲ್ಲಿ ಹಲ್ಲು ತೆಳುವಾಗಿ, ಹಳದಿಯಾಗಿ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ನಿಂಬೆ ನೀರನ್ನು ಒಂದೇ ಹೊತ್ತಿಗೆ ಕುಡಿದು ಮುಗಿಸಿ, ಸಾಧ್ಯವಾದರೆ ಸ್ಟ್ರಾ ಬಳಸಿ. ಆಮೇಲೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ತಕ್ಷಣ ಹಲ್ಲುಜ್ಜಬೇಡಿ! ಹುಳಿಯಿಂದ ಮೆತ್ತಗಾದ ಪದರವನ್ನು ಬ್ರಷ್ಷು ಕೆರೆದು ತೆಗೆಯುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ನಿಂಬೆಸಿಪ್ಪೆಯಿಂದ ಹಲ್ಲು ತಿಕ್ಕಿದರೆ ಬೆಳ್ಳಗಾಗುತ್ತದೆ ಎಂಬ ಸಲಹೆಯನ್ನು ಎಂದೂ ಪಾಲಿಸಬೇಡಿ.

ಎದೆಯುರಿ, ಹುಳಿತೇಗು, ಬಾಯಿಹುಣ್ಣು ಇರುವವರಿಗೆ ಖಾಲಿ ಹೊಟ್ಟೆಯ ನಿಂಬೆರಸ ತೊಂದರೆ ಕೊಡುತ್ತದೆ. ನಿಂಬೆ ಹೊಟ್ಟೆಗೆ ಹೋದ ಮೇಲೆ ಕ್ಷಾರವಾಗಿ ಆಸಿಡಿಟಿ ಕಳೆಯುತ್ತದೆ ಎಂಬ ಮಾತು ತಪ್ಪು. ಅರಗಿದ ಮೇಲೆ ಮೂತ್ರದ ಗುಣ ಬದಲಾಗಬಹುದು, ಹೊಟ್ಟೆಯಲ್ಲಿರುವಾಗ ಅದು ಹುಳಿಯೇ. ಇಂಥವರು ಊಟದ ನಂತರ ಸಿಹಿ ಮೂಸಂಬಿ ತಿಂದು ನೋಡಲಿ. ಅದೂ ಉರಿ ತಂದರೆ ಸೀಬೆ, ಪರಂಗಿ ಹಣ್ಣಿಗೆ ಹೋಗಲಿ.

ಹಂತ 8: ಮಾತ್ರೆ ನುಂಗುವವರು ಚಕ್ಕೋತದ ಮುಂದೆ ನಿಂತು ಯೋಚಿಸುವುದು

ಇದು ಅಂತೆಕಂತೆಯಲ್ಲ, ನಿಜವಾದ ಎಚ್ಚರಿಕೆ. ಚಕ್ಕೋತದಲ್ಲೂ ಅದರ ಸಂತತಿಯಾದ ಗ್ರೇಪ್‌ಫ್ರೂಟಿನಲ್ಲೂ ಫ್ಯುರನೊಕೂಮರಿನ್ ಎಂಬ ವಸ್ತುಗಳಿವೆ. ಕೆಲವು ಔಷಧಿಗಳನ್ನು ಕರುಳಿನ ಗೋಡೆಯಲ್ಲಿರುವ ಒಂದು ಕಿಣ್ವ, ಅಂದರೆ ಎನ್‌ಜೈಮು, ಒಡೆದುಹಾಕುತ್ತದೆ. ಹಾಗೆ ಒಡೆದು ಹೋಗುವುದನ್ನು ಲೆಕ್ಕ ಹಿಡಿದೇ ಮಾತ್ರೆಯ ಪ್ರಮಾಣ ನಿಗದಿಯಾಗಿರುತ್ತದೆ. ಈ ಹಣ್ಣು ಆ ಕಿಣ್ವವನ್ನು ಕೆಡಿಸುತ್ತದೆ. ಆಗ ನುಂಗಿದ ಒಂದು ಮಾತ್ರೆ ರಕ್ತದಲ್ಲಿ ಎರಡು ಮೂರು ಮಾತ್ರೆಯಂತೆ ಕೆಲಸ ಮಾಡಬಹುದು. ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಅಂತರ ಬಿಟ್ಟರೆ ಸಾಲದು. ಹೊಸ ಕಿಣ್ವ ತಯಾರಾಗುವವರೆಗೆ, ಒಂದು ದಿನಕ್ಕೂ ಮೇಲ್ಪಟ್ಟು, ಪರಿಣಾಮ ಉಳಿಯುತ್ತದೆ.

ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್. ಬಿಪಿಗೆ ನಿಫೆಡಿಪಿನ್, ಫೆಲೋಡಿಪಿನ್. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಸೈಕ್ಲೊಸ್ಪೋರಿನ್, ಟ್ಯಾಕ್ರೊಲಿಮಸ್. ಇವುಗಳಲ್ಲಿ ಯಾವುದಾದರೂ ನಿಮ್ಮ ಚೀಟಿಯಲ್ಲಿದ್ದರೆ ವೈದ್ಯರನ್ನು ಕೇಳದೆ ಚಕ್ಕೋತ ತಿನ್ನಬೇಡಿ. ಕಸಿ ಮಾಡಿಸಿಕೊಂಡವರು ಒಂದು ತೊಳೆಯನ್ನೂ ಬಾಯಿಗೆ ಹಾಕಬಾರದು. ಮಾತ್ರೆಯ ಪಟ್ಟಿಯನ್ನು ಔಷಧಿ ಅಂಗಡಿಯ ಫಾರ್ಮಸಿಸ್ಟ್ ಮುಂದೆ ಹಿಡಿದು "ಚಕ್ಕೋತ ಆಗುತ್ತದೆಯೇ?" ಎಂದು ಕೇಳಿದರೂ ಸಾಕು. ಕಿತ್ತಳೆ, ಮೂಸಂಬಿ ಮತ್ತು ಅಡುಗೆಗೆ ಹಿಂಡುವಷ್ಟು ನಿಂಬೆಗೆ ಈ ಅಂಜಿಕೆ ಬೇಕಿಲ್ಲ. ಆದರೆ ಅಲರ್ಜಿಗೆ ಕೊಡುವ ಫೆಕ್ಸೊಫೆನಡಿನ್ ಮಾತ್ರೆಯನ್ನು ಯಾವ ಹಣ್ಣಿನ ರಸದ ಜೊತೆಗೂ ನುಂಗಬೇಡಿ, ಅದರ ಹೀರಿಕೆಯೇ ತಗ್ಗುತ್ತದೆ. ನೀರೇ ಸರಿ.

ಕಿಡ್ನಿಯ ಶಕ್ತಿ ಕುಂದಿದವರಿಗೆ ಬೇರೊಂದು ತೊಡಕು. ಅವರ ಮೈಯಿಂದ ಪೊಟ್ಯಾಸಿಯಂ ಸರಿಯಾಗಿ ಹೊರಹೋಗುವುದಿಲ್ಲ, ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಎಷ್ಟು ಹಣ್ಣು ತಿನ್ನಬಹುದೆಂದು ಅವರ ವೈದ್ಯರೇ ಹೇಳಬೇಕು.

ಹಂತ 9: ಕಿಡ್ನಿ ಕಲ್ಲು ಇದ್ದವರು, ಮಕ್ಕಳು

ಕಿಡ್ನಿ ಕೆಲಸ ಸರಿಯಿದ್ದು, ಕಲ್ಲು ಮಾತ್ರ ಮರಳಿ ಮರಳಿ ಬರುವವರಿಗೆ ನಿಂಬೆ ಉಪಕಾರಿ. ಅದರ ಸಿಟ್ರೇಟ್ ಮೂತ್ರದಲ್ಲಿ ಸುಣ್ಣದ ಅಂಶವನ್ನು ಹಿಡಿದುಕೊಂಡು ಕಲ್ಲಾಗಿ ಕಟ್ಟದಂತೆ ನೋಡಿಕೊಳ್ಳುತ್ತದೆ. ಅಧ್ಯಯನದಲ್ಲಿ ಕೊಟ್ಟ ಪ್ರಮಾಣ ದೊಡ್ಡದು: ದಿನಕ್ಕೆ 120 ಮಿ.ಲೀ. ರಸವನ್ನು ಎರಡು ಲೀಟರ್ ನೀರಿನಲ್ಲಿ ಬೆರೆಸಿ ಹಂಚಿ ಕುಡಿಯುವುದು. ಅಂದರೆ ನಮ್ಮ ನಿಂಬೆ ಏಳೆಂಟು ಬೇಕು. ಹಲ್ಲಿನ ಬಗ್ಗೆ ಹೇಳಿದ್ದನ್ನು ನೆನೆದರೆ ಇದನ್ನು ಸ್ವಂತಕ್ಕೆ ಶುರುಮಾಡದೆ ಮೂತ್ರರೋಗ ತಜ್ಞರನ್ನು ಕೇಳಿಯೇ ಮಾಡುವುದು ಮೇಲು. ಮೊದಲ ಕೆಲಸ ನೀರು ಹೆಚ್ಚು ಕುಡಿಯುವುದು, ಉಪ್ಪು ತಗ್ಗಿಸುವುದು. ನಿಂಬೆ ಅದರ ಜೊತೆಗಿನ ನೆರವು. ಇದೇ ಜನ ಸಿ ಜೀವಸತ್ವದ ದೊಡ್ಡ ಮಾತ್ರೆಗಳನ್ನು ನುಂಗಬಾರದು. ಹೆಚ್ಚಾದ ಸಿ ಜೀವಸತ್ವದಲ್ಲಿ ಒಂದು ಪಾಲು ಆಕ್ಸಲೇಟ್ ಆಗಿ ಮೂತ್ರಕ್ಕೆ ಬರುತ್ತದೆ, ಕಲ್ಲಿಗೆ ಅದೇ ಕಚ್ಚಾವಸ್ತು.

ಮಕ್ಕಳಿಗೆ ಆರು ತಿಂಗಳು ತುಂಬುವವರೆಗೆ ಏನೂ ಬೇಡ, ಎದೆಹಾಲೇ ಸಾಕು. ಆಮೇಲೆ ತೊಳೆಯ ಪೊರೆ, ಬೀಜ ಎರಡನ್ನೂ ತೆಗೆದು ಒಳಗಿನ ತಿರುಳನ್ನು ಚಿಕ್ಕ ಚಿಕ್ಕ ಚೂರು ಮಾಡಿ ಕೊಡಿ. ಇಡೀ ತೊಳೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಾಯಿಯ ಸುತ್ತ ಕೆಂಪಾದರೆ ಬಹಳ ಸಲ ಅದು ಹುಳಿ ತಾಗಿದ್ದರಿಂದ ಆದದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಮೈಯೆಲ್ಲ ದದ್ದೆದ್ದರೆ, ಉಸಿರು ಕಟ್ಟಿದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಒಂದು ವರ್ಷ ತುಂಬುವವರೆಗೆ ಹಣ್ಣಿನ ರಸವೂ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ.

ಉಳಿದ ಕೆಲವು ಪ್ರಶ್ನೆಗಳು

ಕಿತ್ತಳೆ ತಿಂದರೆ ನೆಗಡಿ ಬರುತ್ತದೆಯೇ? ಬರುವುದಿಲ್ಲ. ನೆಗಡಿ ತರುವುದು ವೈರಸ್ಸು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಣ್ಣು, ಹುಳಿ ಹೆಚ್ಚಿದ್ದದ್ದು, ಕೆರೆಯುತ್ತಿರುವ ಗಂಟಲಿಗೆ ತಾಗಿ ಕೆಮ್ಮು ಬರಿಸಬಹುದು. ಹೊರಗಿಟ್ಟ ಸಿಹಿ ಹಣ್ಣನ್ನು ಧೈರ್ಯವಾಗಿ ಕೊಡಿ. ಹಾಗೆಂದು ಕಿತ್ತಳೆ ನೆಗಡಿಯನ್ನು ತಡೆಯುತ್ತದೆ ಎಂದೂ ಹೇಳಲಾಗದು. ದಿನವೂ ಸಿ ಜೀವಸತ್ವ ತೆಗೆದುಕೊಳ್ಳುವವರಲ್ಲಿ ನೆಗಡಿಯ ಅವಧಿ ಸ್ವಲ್ಪ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ, ಬಂದ ಮೇಲೆ ನುಂಗತೊಡಗಿದರೆ ಅಂಥ ಲಾಭ ಕಂಡಿಲ್ಲ.

ಬಿಸಿನೀರು, ನಿಂಬೆ, ಜೇನು ಕೊಬ್ಬು ಕರಗಿಸುತ್ತದೆಯೇ? ಇಲ್ಲ. ಅದನ್ನು ಕುಡಿದು ಬೆಳಗಿನ ಸಿಹಿ ಕಾಫಿ ಬಿಟ್ಟವರ ತೂಕ ಇಳಿದರೆ ಅದು ಕಾಫಿಯ ಸಕ್ಕರೆ ಬಿಟ್ಟದ್ದರಿಂದ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲರಿ ಇದೆಯೆಂಬುದನ್ನು ಮರೆಯಬೇಡಿ.

ಮುಖಕ್ಕೆ ನಿಂಬೆರಸ ಹಚ್ಚಬಹುದೇ? ಬೇಡ. ನಿಂಬೆ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆಯೆದ್ದು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಬಿಸಿಲಲ್ಲಿ ನಿಂತು ರಾಶಿ ನಿಂಬೆ ಹಿಂಡುವವರ ಕೈಗೂ ಇದು ಆಗುವುದುಂಟು. ಹಿಂಡಿದ ಮೇಲೆ ಸೋಪು ಹಚ್ಚಿ ತೊಳೆದೇ ಹೊರಗೆ ಹೋಗಿ.

ಉಪ್ಪಿನಕಾಯಿಯಿಂದ ಸಿ ಜೀವಸತ್ವ ಸಿಗುತ್ತದೆಯೇ? ತಿಂಗಳುಗಟ್ಟಲೆ ಇಟ್ಟದ್ದರಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಉಳಿದಿರುವುದಿಲ್ಲ. ಉಪ್ಪು ಮಾತ್ರ ಧಾರಾಳ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಉಪ್ಪು. ಬಿಪಿ ಇರುವವರು ಅದರ ಜಾಗದಲ್ಲಿ ಹಸಿ ನಿಂಬೆಯ ಹೋಳನ್ನೇ ತಟ್ಟೆಗೆ ಹಾಕಿಸಿಕೊಳ್ಳಲಿ. ಹುಳಿಯಿದ್ದರೆ ಸಾರು, ಪಲ್ಯಕ್ಕೆ ಉಪ್ಪು ಕಡಿಮೆ ಬಿದ್ದರೂ ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ.